ಲೆಕ್ಕದ ಉಮೇದಿ: ಪಾಲಕರೂ ಶಿಕ್ಷಕರೂ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಗಣಿತದ ಟೀಚರ್. ಮೊದಲು ಘಟ್ಟದ ಮೇಲೆ, ಶಿರಸಿ ಕಡೆಯ ಪ್ರೌಢಶಾಲೆಯಲ್ಲಿದ್ದೆ. ಈಗ ಘಟ್ಟದ ಕೆಳಗೆ, ಅಂಕೋಲಾ ಮತ್ತು ಕಾರವಾರದ ನಡುವೆ ಇದ್ದೇನೆ. ಪಾಲಕರ ಸಭೆಯಲ್ಲಿ ಮೇಲೆ "ನಮ್ಮ ಮಾಣಿಗೆ ಲೆಕ್ಕ ತಲೆಗೇ ಹೋಗ್ತಿಲ್ಲೆ" ಅಂತಿದ್ದರು. ಇಲ್ಲಿ "ಅಕ್ಕೋರೆ, ಲೆಕ್ಕ ತಲೆಗೆ ಹತ್ತೂದೇ ಇಲ್ಲ" ಅನ್ನುತ್ತಾರೆ. ಸಂಕಟ ಒಂದೇ. ಹೊಸದಾಗಿ ಕೆಲಸಕ್ಕೆ ಸೇರಿದ ಶಿಕ್ಷಕರು ಕೂಡ ಹೆಚ್ಚುಕಡಿಮೆ ಇದನ್ನೇ ಕೇಳುತ್ತಾರೆ. ಬಿ.ಎಡ್.ನಲ್ಲಿ ಓದಿದ ಪ್ರೇರಣೆಯ ಸಿದ್ಧಾಂತಗಳು ನಿಜವಾಗಿ ಯಾವುದಕ್ಕಾದರೂ ಬರುತ್ತವಾ ಅನ್ನುವುದೂ ಅವರ ಅನುಮಾನ. ಅದೇ ಉತ್ತರ ಮತ್ತೆ ಮತ್ತೆ ಹೇಳಿ ಸಾಕಾಯಿತು. ಅದಕ್ಕೇ ಬರೆದಿಟ್ಟಿದ್ದೇನೆ.

ನಮ್ಮ ಹುಡುಗನಿಗೆ ಲೆಕ್ಕ ಅಂದರೆ ಉಮೇದಿಯೇ ಇಲ್ಲ. ಉಮೇದಿ ಹುಟ್ಟಿಸೋದು ಹೇಗೆ?

ಮೊದಲು ಒಂದು ಮಾತು ಕೇಳುತ್ತೇನೆ. ಅವನಿಗೆ ಉಮೇದಿ ಇಲ್ಲವೋ, ಲೆಕ್ಕ ಬರುವುದಿಲ್ಲವೋ? ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಪಟ್ಟಿ (ನೋಟ್‌ಬುಕ್) ತೆಗೆಯುವುದಿಲ್ಲ. ಪೆನ್ನಿನ ಮುಚ್ಚಳ ಕಚ್ಚುತ್ತಾನೆ. ಪಿರಿಯಡ್ಡಿಗೆ ಎರಡು ಸಲ ನೀರು ಕುಡಿಯಲು ಹೋಗುತ್ತಾನೆ. ಅದೇ ಹುಡುಗ ಸಂಜೆ ಗದ್ದೆಯಲ್ಲಿ ಕ್ರಿಕೆಟ್ ಆಡುವಾಗ "ನಾಲ್ಕು ಓವರಿಗೆ 37 ಬೇಕು, ಓವರಿಗೆ ಒಂಬತ್ತರ ಮೇಲೆ ಹೊಡೀಬೇಕು" ಅಂತ ಪಟಕ್ಕನೆ ಹೇಳುತ್ತಾನೆ. ಅಂದಮೇಲೆ ಅವನಿಗೆ ಎಣಿಕೆಯ ಮೇಲೆ ದ್ವೇಷವೇನೂ ಇಲ್ಲ ಅಲ್ವಾ?

ಇಂಥ ಮಕ್ಕಳನ್ನು ಕೂರಿಸಿಕೊಂಡು ಹಿಂದೆ ಹಿಂದೆ ಹೋದರೆ ಎಲ್ಲೋ ಒಂದು ಕಡೆ ಮೆಟ್ಟಿಲು ತಪ್ಪಿದ್ದು ಸಿಗುತ್ತದೆ. ನಾಲ್ಕನೇ ಇಯತ್ತೆಯ ಭಾಗಾಕಾರ, ಐದನೆಯದರ ಭಿನ್ನರಾಶಿ. ಒಂಬತ್ತರಲ್ಲಿ ಸಮೀಕರಣ ಬಿಡಿಸಲು ಕೂತಾಗ ಅವನನ್ನು ಹೆದರಿಸುವುದು ಎಕ್ಸ್ ಅಲ್ಲ. ಎಕ್ಸ್‌ನ ಕೆಳಗೆ ಕೂತಿರುವ ಮೂರು. ಆ ಮೂರನ್ನು ಏನು ಮಾಡಬೇಕು ಅಂತ ನಾಲ್ಕು ವರ್ಷದಿಂದ ಗೊತ್ತಿಲ್ಲ. ಕೇಳಲು ನಾಚಿಕೆ. ಹಾಗಾಗಿ "ನನಗೆ ಲೆಕ್ಕ ಸೇರೂದಿಲ್ಲ" ಅನ್ನುತ್ತಾನೆ. "ಬರೂದಿಲ್ಲ" ಅನ್ನುವುದಕ್ಕಿಂತ "ಸೇರೂದಿಲ್ಲ" ಅನ್ನುವುದರಲ್ಲಿ ಮರ್ಯಾದೆ ಉಳಿಯುತ್ತದೆ.

1967ರಲ್ಲಿ ಮಾರ್ಟಿನ್ ಸೆಲಿಗ್ಮನ್ ಮತ್ತು ಸ್ಟೀವನ್ ಮೇಯರ್ ಅಮೆರಿಕದಲ್ಲಿ ನಾಯಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಕ್ರೂರ ಪ್ರಯೋಗ, ಹೇಳಲು ಸಂಕೋಚವಾಗುತ್ತದೆ. ಏನು ಮಾಡಿದರೂ ತಪ್ಪಿಸಿಕೊಳ್ಳಲಾಗದ ವಿದ್ಯುತ್ ಶಾಕ್ ತಿಂದ ನಾಯಿಗಳು, ಆಮೇಲೆ ಸಣ್ಣ ತಡೆ ಹಾರಿದರೆ ಸಾಕು ಅನ್ನುವ ಜಾಗದಲ್ಲಿಟ್ಟರೂ ಹಾರಲಿಲ್ಲ. ಸುಮ್ನೆ ಮಲಗಿದವು. ಇದನ್ನು ಕಲಿತ ಅಸಹಾಯಕತೆ ಅಂತ ಕರೆದರು. ನನಗೆ ಜಾಸ್ತಿ ಹಿಡಿಸಿದ್ದು ಇದರ ಮುಂದಿನ ಕಥೆ. ಸುಮಾರು ಐವತ್ತು ವರ್ಷದ ನಂತರ, 2016ರಲ್ಲಿ, ಅವರಿಬ್ಬರೇ ತಮ್ಮ ವಿವರಣೆ ತಿರುಗುಮುರುಗಾಗಿತ್ತು ಅಂತ ಬರೆದರು. ನೋವು ಬಿಡದೆ ಬಂದಾಗ ಕೈಚೆಲ್ಲಿ ಕೂರುವುದು ಮೆದುಳಿನ ಸಹಜ ಗುಣ, ಅದನ್ನು ಯಾರೂ ಕಲಿಯಬೇಕಿಲ್ಲ. ಕಲಿಯಬೇಕಾದದ್ದು "ಇದು ನನ್ನ ಕೈಯಲ್ಲಿದೆ" ಅನ್ನುವುದನ್ನು. ಲೆಕ್ಕದ ಟೀಚರಿಗೆ ಇದಕ್ಕಿಂತ ಉಪಯೋಗದ ಮಾತು ನನಗೆ ಇನ್ನೊಂದು ಸಿಕ್ಕಿಲ್ಲ. ಹುಡುಗನಿಗೆ ಭಾಷಣ ಬೇಡ. ಅವನ ಕೈಯಲ್ಲೇ ಒಂದು ಲೆಕ್ಕ ಆಗಬೇಕು. ಆದದ್ದು ಅವನಿಗೆ ಕಾಣಬೇಕು. ನಾಳೆ ಇನ್ನೊಂದು ಆಗಬೇಕು.

ಅದಕ್ಕೇ ನಾನು ಜೂನ್‌ನ ಮೊದಲ ವಾರಗಳಲ್ಲಿ ಪಾಠ ಓಡಿಸುವುದಿಲ್ಲ. ಒಂದು ಹಾಳೆಯಲ್ಲಿ ನಾಲ್ಕನೇ ಇಯತ್ತೆಯಿಂದ ಎಂಟರವರೆಗಿನ ಲೆಕ್ಕ ಏಣಿಯ ಹಾಗೆ ಕೊಡುತ್ತೇನೆ. ಅಂಕ ಹಾಕುವುದಿಲ್ಲ. ಯಾವ ಮೆಟ್ಟಿಲಲ್ಲಿ ಪೆನ್ಸಿಲ್ ನಿಂತಿತು ಅಂತ ಮಾತ್ರ ಗುರುತು ಮಾಡಿಕೊಳ್ಳುತ್ತೇನೆ. ಅಲ್ಲಿಂದ ಒಂದು ಮೆಟ್ಟಿಲು ಕೆಳಗೆ ಶುರು.

ಪ್ರೇರಣೆಯ ಸಿದ್ಧಾಂತಗಳು ತುಂಬ ಇವೆ. ಎಲ್ಲವೂ ಗೊತ್ತಿರಬೇಕಾ?

ಬೇಡ. ಪರೀಕ್ಷೆಗೆ ಓದುವವರು ಎಲ್ಲ ಓದಲಿ. ತರಗತಿಗೆ ನನಗೆ ಒದಗಿದ್ದು ಮೂರು.

ಒಂದು, ಮನಃಶಾಸ್ತ್ರಜ್ಞರಾದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಅವರದು. ಮನುಷ್ಯ ಒಂದು ಕೆಲಸದಲ್ಲಿ ತಾನಾಗಿ ತೊಡಗಬೇಕಾದರೆ ಮೂರು ಬೇಕು ಅನ್ನುತ್ತಾರೆ: ಇದು ನನಗೆ ಬರುತ್ತದೆ ಅನ್ನುವ ಭಾವ, ಸ್ವಲ್ಪವಾದರೂ ನನ್ನ ಇಷ್ಟಕ್ಕೆ ಜಾಗ, ಮತ್ತು ಇಲ್ಲಿ ನನ್ನವರು ಇದ್ದಾರೆ ಅನ್ನುವ ನೆಮ್ಮದಿ. ಎರಡನೆಯದು ಆಲ್ಬರ್ಟ್ ಬಂಡೂರಾ 1977ರಲ್ಲಿ ಮುಂದಿಟ್ಟದ್ದು. "ಈ ಕೆಲಸ ನನ್ನಿಂದ ಆಗುತ್ತದೆ" ಅನ್ನುವ ನಂಬಿಕೆ ಎಲ್ಲಿಂದ ಬರುತ್ತದೆ? ಎಲ್ಲಕ್ಕಿಂತ ಗಟ್ಟಿಯಾಗಿ, ಸ್ವತಃ ಮಾಡಿ ಗೆದ್ದದ್ದರಿಂದ. ಆಮೇಲೆ ತನ್ನಂಥವನೇ ಇನ್ನೊಬ್ಬ ಮಾಡಿದ್ದನ್ನು ನೋಡಿ. ಬೇರೆಯವರ ಹುರಿದುಂಬಿಸುವ ಮಾತಿಗೂ ಒಂದು ಪಾಲಿದೆ. ಕೊನೆಯದು ಮೈಯ ಸ್ಥಿತಿ, ಅಂದರೆ ಎದೆ ಡವಡವ ಅನ್ನುತ್ತಿದೆಯೋ ಇಲ್ಲವೋ ಅನ್ನುವುದು. ಮೂರನೆಯದು ಜಾಕ್ವೆಲಿನ್ ಎಕಲ್ಸ್ ಮತ್ತು ಅವರ ಜೊತೆಗಾರರದು: ಆಗುತ್ತದೆ ಅನ್ನುವ ನಿರೀಕ್ಷೆ ಮತ್ತು ಆದಮೇಲೆ ಏನು ಲಾಭ ಅನ್ನುವ ಬೆಲೆ, ಎರಡೂ ಇದ್ದರೆ ಮಗು ಕೈ ಹಾಕುತ್ತದೆ. ಒಂದು ಸೊನ್ನೆಯಾದರೆ ಇನ್ನೊಂದು ಎಷ್ಟಿದ್ದರೂ ಹೆಚ್ಚು ನಡೆಯುವುದಿಲ್ಲ. ಗುಣಾಕಾರ ಇದ್ದ ಹಾಗೆ.

ಮತ್ತೆ ಮಾಸ್ಲೋ? ಆ ಪಿರಮಿಡ್ ಎಲ್ಲ ಕಡೆ ಕಾಣುತ್ತದಲ್ಲ?

ಮನುಷ್ಯನ ಅಗತ್ಯಗಳಲ್ಲಿ ಹಸಿವು, ಸುರಕ್ಷತೆ ಕೆಳಗಿನ ಮೆಟ್ಟಿಲು, ಗೌರವದಂಥವು ಮೇಲಿನ ಮೆಟ್ಟಿಲು ಅಂತ ಅಬ್ರಹಾಂ ಮಾಸ್ಲೋ ಲೇಖನ ಬರೆದದ್ದು 1943ರಲ್ಲಿ. ಅದರಲ್ಲಿ ಪಿರಮಿಡ್ಡೇ ಇಲ್ಲ! ಚಿತ್ರ ಆಮೇಲೆ ಬೇರೆಯವರು ಬರೆದದ್ದು. ಕೆಳಗಿನದು ಪೂರ್ತಿ ತುಂಬಿದ ಮೇಲೇ ಮೇಲಿನದು ಅಂತ ಮಾಸ್ಲೋ ಕೂಡ ಕಟ್ಟುನಿಟ್ಟಾಗಿ ಹೇಳಿರಲಿಲ್ಲ.

ಆದರೂ ಮಾತಿನಲ್ಲಿ ಹುರುಳಿದೆ. ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟು, ಎರಡು ಕಿಲೋಮೀಟರ್ ನಡೆದು, ಬಸ್ಸಿನಲ್ಲಿ ನಿಂತು ಬಂದ ಮಗುವಿಗೆ ಮೊದಲ ಪಿರಿಯಡ್ ಅಂದರೆ ಹಸಿವಿನ ಪಿರಿಯಡ್. ಕ್ಷೀರಭಾಗ್ಯದ ಹಾಲು ಕುಡಿದ ಮೇಲೆ ಅದೇ ಮಗುವಿನ ಮುಖ ಬೇರೆ. ಅಕ್ಷರ ದಾಸೋಹದ ಊಟವಾದ ಮೇಲಿನದು ನಿದ್ದೆಯ ಪಿರಿಯಡ್, ಅದು ಬೇರೆ ಕಥೆ. ಹೊಸ ಪಾಠ ಯಾವಾಗ ಶುರು ಮಾಡಬೇಕು, ಯಾವಾಗ ಹಳೆಯ ಲೆಕ್ಕ ಮಾಡಿಸಬೇಕು ಅಂತ ನಿರ್ಧರಿಸಲು ನನಗೆ ಇಷ್ಟು ಸಾಕು. ಕಾಡಿನೊಳಗಿನ ಊರುಗಳಿಂದ ಬಂದು ಹಾಸ್ಟೆಲ್‌ನಲ್ಲಿರುವ ಮಕ್ಕಳು ಜೂನ್, ಜುಲೈನಲ್ಲಿ ಮಂಕಾಗಿ ಕೂರುತ್ತಾರೆ. ಅದು ಲೆಕ್ಕದ ತೊಂದರೆ ಅಲ್ಲ. ಮನೆ ನೆನಪು. ಜೊತೆಗೆ ಕೂರಿಸಲು ಅವರ ಊರಿನ ಇನ್ನೊಂದು ಮಗು ಸಿಕ್ಕರೆ ಅರ್ಧ ಕೆಲಸ ಆಯಿತು.

ಸರಿ ಉತ್ತರಕ್ಕೆ ಚಾಕೊಲೇಟ್, ಪೆನ್ನು ಕೊಟ್ಟರೆ ತಪ್ಪೇ?

ನಾನೂ ಕೊಟ್ಟಿದ್ದೇನೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಮೇಜಿನ ಮೇಲೆ ಚಾಕೊಲೇಟ್ ಡಬ್ಬಿ ಇಟ್ಟುಕೊಂಡು ಪಾಠ ಮಾಡಿದೆ. ಎರಡು ವಾರ ತರಗತಿ ಜಾತ್ರೆಯ ಹಾಗಿತ್ತು. ಮೂರನೇ ವಾರ ಡಬ್ಬಿ ಖಾಲಿ. ಒಂದು ಒಳ್ಳೆಯ ರೇಖಾಗಣಿತದ ಲೆಕ್ಕ ಬೋರ್ಡ್ ಮೇಲೆ ಬರೆದೆ. ಮುಂದಿನ ಬೆಂಚಿನ ಹುಡುಗ ಕೇಳಿದ: "ಇದಕ್ಕೆ ಎಂತ ಕೊಡ್ತ್ರಿ?" ಅವನ ತಪ್ಪಿಲ್ಲ. ಲೆಕ್ಕ ಅಂದರೆ ಚಾಕೊಲೇಟ್ ಸಂಪಾದಿಸುವ ಕೂಲಿ ಅಂತ ಕಲಿಸಿದವಳು ನಾನೇ.

1971ರಲ್ಲಿ ಡೆಸಿ ಕಾಲೇಜು ವಿದ್ಯಾರ್ಥಿಗಳಿಗೆ ಏಳು ತುಂಡುಗಳ ಸೋಮಾ ಘನ ಕೊಟ್ಟು ಆಕಾರ ಜೋಡಿಸಲು ಹೇಳಿದರು. ಕೆಲವರಿಗೆ ಒಂದೊಂದು ಆಕಾರಕ್ಕೂ ಒಂದು ಡಾಲರ್. ದುಡ್ಡು ನಿಂತ ದಿನ, ಬಿಡುವಿನ ಹೊತ್ತಿನಲ್ಲಿ ಆ ಘನವನ್ನು ಕೈಗೆತ್ತಿಕೊಳ್ಳುವ ಉಮೇದಿ ದುಡ್ಡು ಪಡೆದವರಲ್ಲಿ ಇಳಿದಿತ್ತು. 1973ರಲ್ಲಿ ಮಾರ್ಕ್ ಲೆಪ್ಪರ್ ಮತ್ತು ಜೊತೆಗಾರರು ಪುಟ್ಟ ಮಕ್ಕಳಲ್ಲಿ ಇದನ್ನೇ ನೋಡಿದರು. ಬಣ್ಣದ ಸ್ಕೆಚ್ ಪೆನ್ನಿನಲ್ಲಿ ಚಿತ್ರ ಬರೆಯಲು ಇಷ್ಟಪಡುವ ಮಕ್ಕಳಿಗೇ "ಬರೆದರೆ ಸರ್ಟಿಫಿಕೇಟ್" ಅಂದರು. ಒಂದೆರಡು ವಾರ ಬಿಟ್ಟು ನೋಡಿದರೆ ಆ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೆಯುತ್ತಿದ್ದರು. ಮೊದಲೇ ಹೇಳದೆ, ಬರೆದಾದ ಮೇಲೆ ಕೊಟ್ಟ ಮಕ್ಕಳಲ್ಲಿ ಹೀಗಾಗಲಿಲ್ಲ. 1999ರಲ್ಲಿ ಡೆಸಿ ಮತ್ತು ರಯಾನ್ ಇನ್ನೊಬ್ಬರ ಜೊತೆ ಸೇರಿ ಇಂಥ 128 ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದಾಗಲೂ ಬಂದದ್ದು ಇದೇ: ಮೊದಲೇ ಆಸೆ ತೋರಿಸಿ ಕೊಟ್ಟ ವಸ್ತು ಒಳಗಿನ ಇಷ್ಟವನ್ನು ತಿನ್ನುತ್ತದೆ, ಕೆಲಸ ನೋಡಿ ಹೇಳಿದ ಒಳ್ಳೆಯ ಮಾತು ತಿನ್ನುವುದಿಲ್ಲ. ಎಲ್ಲರೂ ಒಪ್ಪಿಲ್ಲ, ದೊಡ್ಡ ಜಗಳವೇ ನಡೆದಿದೆ.

ನನ್ನ ಲೆಕ್ಕಾಚಾರ ಇಷ್ಟು. ಮಗ್ಗಿ ಬಾಯಿಪಾಠದಂಥ ಬೇಸರದ ಕೆಲಸಕ್ಕೆ ಸಣ್ಣ ಬಹುಮಾನ ಇಟ್ಟರೆ ಕಳೆದುಕೊಳ್ಳುವುದು ಏನೂ ಇಲ್ಲ. ಅಲ್ಲಿ ತಿನ್ನಿಸಿಕೊಳ್ಳಲು ಇಷ್ಟವೇ ಇರುವುದಿಲ್ಲವಲ್ಲ! ತಲೆ ಓಡಿಸುವ ಲೆಕ್ಕಕ್ಕೆ ಬಹುಮಾನ ಕಟ್ಟಬೇಡಿ.

ನಮ್ಮ ಕಾಲದಲ್ಲಿ ಮಾಸ್ತರು ಕೋಲು ಹಿಡಿದೇ ಕಲಿಸಿದ್ದು. ನಾವು ಕಲಿಯಲಿಲ್ಲವೇ?

ಕಲಿತವರು ಈ ಮಾತು ಹೇಳಲು ಸಭೆಗೆ ಬರುತ್ತಾರೆ. ಕೋಲಿಗೆ ಹೆದರಿ ಶಾಲೆ ಬಿಟ್ಟವರು ಬರುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಹೊಡೆಯುವುದನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ, ಹಾಗಾಗಿ ಇದು ಚರ್ಚೆಯ ವಿಷಯವೇ ಅಲ್ಲ.

ಕಾಯ್ದೆ ಬಿಡಿ, ಲೆಕ್ಕದ ಮಟ್ಟಿಗೂ ಇದು ನಷ್ಟವೇ. ಮಾರ್ಕ್ ಆಶ್‌ಕ್ರಾಫ್ಟ್ ಮತ್ತು ಎಲಿಜಬೆತ್ ಕರ್ಕ್ 2001ರಲ್ಲಿ ತೋರಿಸಿದ್ದು ಇದನ್ನೇ: ಲೆಕ್ಕದ ಭಯ ಇರುವವರಿಗೆ ಲೆಕ್ಕ ಮಾಡುವಾಗ ತಲೆಯಲ್ಲಿ ತಾತ್ಕಾಲಿಕವಾಗಿ ಹಿಡಿದಿಟ್ಟುಕೊಳ್ಳುವ ಜಾಗ ಕಡಿಮೆಯಾಗುತ್ತದೆ. ಅದರಲ್ಲೂ ದಶಕ ಎತ್ತಿ ಕೂಡುವಂಥ ಲೆಕ್ಕದಲ್ಲಿ ಜಾಸ್ತಿ. ಭಯವೇ ಆ ಜಾಗದಲ್ಲಿ ಬಂದು ಕೂತಿರುತ್ತದೆ. ದಶಕ ಇಡಲು ಜಾಗ ಎಲ್ಲಿ? ಮನೆಯಲ್ಲಿ "ಹದಿನೇಳೆಂಟ್ಲ ಎಷ್ಟು, ಹೇಳು, ಬೇಗ ಹೇಳು" ಅಂತ ಮೇಲೆ ನಿಂತು ಕೇಳುವುದೂ ಕೋಲೇ.

ಜಾಣ ಅಂತ ಹೊಗಳಬಾರದು ಅನ್ನುತ್ತಾರಲ್ಲ, ನಿಜವಾ?

ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಐದನೇ ತರಗತಿಯ ಮಕ್ಕಳ ಮೇಲೆ ನಡೆಸಿದ ಪ್ರಯೋಗಗಳಿಂದ ಬಂದ ಮಾತಿದು. ಮೊದಲ ಸುತ್ತು ಸುಲಭ. ಕೆಲವರಿಗೆ "ನೀನು ಜಾಣ", ಕೆಲವರಿಗೆ "ಚೆನ್ನಾಗಿ ಶ್ರಮಪಟ್ಟೆ" ಅಂದರು. ಎರಡನೇ ಸುತ್ತು ಬೇಕಂತಲೇ ಕಷ್ಟ. ಎಲ್ಲರೂ ಸೋತರು. ಮೂರನೇ ಸುತ್ತು ಮತ್ತೆ ಮೊದಲಿನಷ್ಟೇ ಸುಲಭ. ಜಾಣ ಅನ್ನಿಸಿಕೊಂಡವರು ಆಗ ಮೊದಲಿಗಿಂತ ಕೆಳಗೆ ಬಂದರು, ಶ್ರಮಕ್ಕೆ ಹೊಗಳಿಸಿಕೊಂಡವರು ಮೇಲೆ ಹೋದರು. ಜಾಣರಲ್ಲಿ ಹಲವರು ತಮ್ಮ ಅಂಕವನ್ನು ಹೆಚ್ಚಿಸಿ ಸುಳ್ಳು ಹೇಳಿದ್ದೂ ಉಂಟು. ಪಾಪ, ಜಾಣ ಪಟ್ಟ ಉಳಿಸಿಕೊಳ್ಳಬೇಕಲ್ಲ.

ಆದರೆ ಇದರ ಮೇಲೆ ಕಟ್ಟಿದ "ಬೆಳೆಯುವ ಮನಸ್ಥಿತಿ"ಯ, ಅಂದರೆ ಪ್ರಯತ್ನದಿಂದ ಬುದ್ಧಿ ಬೆಳೆಯುತ್ತದೆ ಅನ್ನುವ ಪೋಸ್ಟರುಗಳನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಆಮೇಲಿನ ದೊಡ್ಡ ಅಧ್ಯಯನಗಳಲ್ಲಿ ಸಿಕ್ಕ ಪರಿಣಾಮ ಚಿಕ್ಕದು. ಭಿನ್ನರಾಶಿ ಬಾರದ ಮಗುವಿಗೆ "ಪ್ರಯತ್ನ ಮಾಡು, ಆಗುತ್ತದೆ" ಅಂತ ಗೋಡೆಗೆ ಅಂಟಿಸಿದರೆ, ಪ್ರಯತ್ನ ಮಾಡಿ ಆಗದಿದ್ದಾಗ ಅದಕ್ಕೆ ಇನ್ನೂ ಅವಮಾನ. ನಾನು ಹೊಗಳುವುದು ಜಾಣತನವನ್ನೂ ಅಲ್ಲ, ಬರಿ ಶ್ರಮವನ್ನೂ ಅಲ್ಲ. ಮಾಡಿದ ಕೆಲಸವನ್ನು. "ಇಲ್ಲಿ ಛೇದ ಸಮ ಮಾಡ್ಕೊಂಡ್ಯಲ್ಲ, ಅದೇ ಸರಿ ದಾರಿ." ಇಷ್ಟು ಸಾಕು.

ಸಿಲಬಸ್ ಮುಗಿಸುವುದೇ ಕಷ್ಟ. ಮಕ್ಕಳ ಇಷ್ಟಕ್ಕೆ ಜಾಗ ಎಲ್ಲಿಂದ ಕೊಡೋಣ?

ಏನು ಕಲಿಯಬೇಕು ಅನ್ನುವುದನ್ನು ಬಿಟ್ಟುಕೊಡುವುದು ಆಗದ ಮಾತು. ಉಳಿದದ್ದರಲ್ಲಿ ಜಾಗ ಇದೆ. ಅಭ್ಯಾಸದಲ್ಲಿ ಹತ್ತು ಲೆಕ್ಕ ಇದ್ದರೆ "ಯಾವುದಾದರೂ ಆರು, ನೀವೇ ಆರಿಸಿ" ಅನ್ನುತ್ತೇನೆ. ಎಲ್ಲರೂ ಸುಲಭದ್ದೇ ಆರಿಸುತ್ತಾರೆ ಅಂತ ಹೆದರಿದ್ದೆ. ಕೆಲವರು ಹಾಗೇ ಮಾಡಿದರು. ಆದರೆ ಒಂಬತ್ತು, ಹತ್ತನೇ ಲೆಕ್ಕಕ್ಕೆ ಕೈ ಹಾಕಿದವರಲ್ಲಿ ನಾನು ಊಹಿಸದ ಹೆಸರುಗಳಿದ್ದವು. ಒಬ್ಬಳೇ ಮಾಡುತ್ತೀಯೋ, ಗೆಳತಿಯ ಜೊತೆಗೋ? ಸಮೀಕರಣದಿಂದಲೋ, ಚಿತ್ರ ಬರೆದೋ? ಇಂದು ಕೊಡುತ್ತೀಯೋ, ನಾಳೆಯೋ? ಇವಕ್ಕೆಲ್ಲ ಒಂದು ನಿಮಿಷವೂ ಜಾಸ್ತಿ ಬೇಡ.

ನಮ್ಮಲ್ಲೇ ಒಳ್ಳೆಯ ಮಾದರಿ ಇದೆ. ನಲಿ-ಕಲಿ. 1995ರ ಹೊತ್ತಿಗೆ ಎಚ್.ಡಿ. ಕೋಟೆಯಲ್ಲಿ ಶುರುವಾಗಿ ರಾಜ್ಯಕ್ಕೆ ಹಬ್ಬಿದ ಪದ್ಧತಿ. ಮಗು ತನ್ನ ಮೆಟ್ಟಿಲಿನ ಕಾರ್ಡ್ ತಾನೇ ಎತ್ತಿಕೊಳ್ಳುತ್ತದೆ, ಆದ ಮೇಲೆ ಮುಂದಿನದು. ಡೆಸಿ ಮತ್ತು ರಯಾನ್ ಹೇಳಿದ ಮೂರೂ ಅದರಲ್ಲಿವೆ. ನಾಲ್ಕನೇ ಇಯತ್ತೆಗೆ ಬಂದಾಗ ಏಣಿ ಹೋಗಿ ಎಲ್ಲರಿಗೂ ಒಂದೇ ಪುಟ. ಭಾಗಾಕಾರ ಗಟ್ಟಿಯಾಗಿ ಬರುವುದೂ ಅದೇ ವರ್ಷ. ಮೆಟ್ಟಿಲು ತಪ್ಪುವುದು ಅಲ್ಲೇ ಯಾಕೆ ಅಂತ ನನಗೆ ಬಹಳ ದಿನದಿಂದ ಗುಮಾನಿ.

ಊರಿನ ಉದಾಹರಣೆ ಕೊಟ್ಟರೆ ಲೆಕ್ಕ ಇಷ್ಟವಾಗುತ್ತದಾ? ಅಡಿಕೆ, ಮೀನು ಅಂತ?

ಉದಾಹರಣೆ ನಿಜವಿದ್ದರೆ ಆಗುತ್ತದೆ. ಕರಾವಳಿಗೆ ಬಂದ ಹೊಸದರಲ್ಲಿ ನಾನು ಬಲು ಹೆಮ್ಮೆಯಿಂದ ಒಂದು ಲೆಕ್ಕ ಬರೆದೆ: "ಬಂಗುಡೆ ಕಿಲೋಗೆ 200 ರೂಪಾಯಿ ಆದರೆ ಮೂರೂ ಮುಕ್ಕಾಲು ಕಿಲೋಗೆ ಎಷ್ಟು?" ಹಿಂದಿನ ಬೆಂಚಿನಲ್ಲಿ ಕಿಸಕ್ಕನೆ ನಗು. "ಎಂತಾಯ್ತು ತಂಗಿ?" ಅಂದೆ. "ಅಕ್ಕೋರೆ, ನಮ್ಮ ಅಬ್ಬೆ ಹಾಗೆ ಬಂಗುಡೆ ಮಾರೂದೇ ಇಲ್ಲ. ನೂರು ರೂಪಾಯಿಗೆ ಇಷ್ಟು ಮೀನು ಅಂತ ಮಾರೂದು." ಲೆಕ್ಕದ ಬೆನ್ನಿಗೆ ಸುಮ್ನೆ ಮೀನು ಅಂಟಿಸಿದ್ದು ಅವಳಿಗೆ ಗೊತ್ತಾಗಿಬಿಟ್ಟಿತು.

ಅವಳನ್ನೇ ಬೋರ್ಡಿಗೆ ಕರೆದೆ. ಇಬ್ಬರೂ ಸೇರಿ ಹೊಸ ಲೆಕ್ಕ ಕಟ್ಟಿದೆವು. ಬಂದರಿನಲ್ಲಿ 200 ಬಂಗುಡೆ 2,000 ರೂಪಾಯಿಗೆ ತಂದಿದ್ದಾಳೆ. ಬೆಳಿಗ್ಗೆ ನೂರಕ್ಕೆ ಆರರಂತೆ 90 ಹೋಯಿತು. ಬಿಸಿಲೇರಿತು. ಉಳಿದ 110 ಮೀನನ್ನು ನೂರಕ್ಕೆ ಎಷ್ಟರಂತೆ ಕೊಟ್ಟರೂ ಹಾಕಿದ ದುಡ್ಡಿಗೆ ಮೋಸವಿಲ್ಲ? ಬೆಳಿಗ್ಗೆಯೇ 1,500 ಬಂತು. ಇನ್ನು 500 ಬಂದರೆ ಸಾಕು. ಅಂದರೆ ನೂರಕ್ಕೆ 22ರವರೆಗೂ ಇಳಿಯಬಹುದು. "ಅಷ್ಟಕ್ಕೆ ಅಬ್ಬೆ ಕೊಡೂದಿಲ್ಲ, ಮನೆಗೆ ತಂದು ಒಣಗಿಸ್ತದೆ" ಅಂದಳು. ಮಂಜುಗಡ್ಡೆ, ರಿಕ್ಷಾ ಬಾಡಿಗೆ ಸೇರಿಸಬೇಕು ಅಂತ ಇನ್ನೊಬ್ಬ. ಲಾಭ-ನಷ್ಟದ ಪಾಠ ಆ ದಿನ ನಾನು ಮಾಡಲೇ ಇಲ್ಲ, ಅವರೇ ಮಾಡಿದರು. ಅಮ್ಮ ಬುಟ್ಟಿಯ ಮುಂದೆ ಕೂತು ದಿನವೂ ಮಾಡುವುದು ಇದನ್ನೇ ಅಂತ ಗೊತ್ತಾದಾಗ ಆ ಹುಡುಗಿಯ ಮುಖ ನೋಡಬೇಕಿತ್ತು.

ಕರಾವಳಿಯ ಮಕ್ಕಳಿಗೆ ನನ್ನ ಇಷ್ಟದ ಇನ್ನೊಂದು ಲೆಕ್ಕ ಉಬ್ಬರದ್ದು. ಸಮುದ್ರದ ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಒಂದು ಉಬ್ಬರಕ್ಕೂ ಮುಂದಿನದಕ್ಕೂ ಸುಮಾರು 12 ಗಂಟೆ 25 ನಿಮಿಷ. ಇವತ್ತು ಬೆಳಿಗ್ಗೆ ಹತ್ತಕ್ಕೆ ಉಬ್ಬರ ಇದ್ದರೆ ಮತ್ತೆ ಬೆಳಿಗ್ಗೆ ಹತ್ತರ ಹೊತ್ತಿಗೆ ಉಬ್ಬರ ಬರುವುದು ಎಷ್ಟು ದಿನಕ್ಕೆ? 745 ನಿಮಿಷವನ್ನು 50ರಿಂದ ಭಾಗಿಸಿ. ಹೆಚ್ಚುಕಡಿಮೆ 15. ಉತ್ತರ ಬಂದ ಕೂಡಲೇ ಮೀನುಗಾರರ ಮನೆಯ ಹುಡುಗರು ಹೇಳುತ್ತಾರೆ: ಅಮಾಸೆಗೂ ಹುಣ್ಣಿಮೆಗೂ ಇರುವಷ್ಟೇ ದಿನ! ಅಜ್ಜ ಹೇಳಿದ್ದು ಭಾಗಾಕಾರದಲ್ಲಿ ಬಂದಿತಲ್ಲ ಅಂತ ಅವರಿಗೆ ಖುಷಿ. ಕುಮಟಾ ಕಡೆ ಗಜನಿಯಲ್ಲಿ, ಅಂದರೆ ಉಬ್ಬರದ ಉಪ್ಪುನೀರು ಬರುವ ಗದ್ದೆಯಲ್ಲಿ, ಕಗ್ಗ ಭತ್ತ ಬೆಳೆಯುವವರ ಮಕ್ಕಳಿಗೆ ಇದನ್ನು ಹೇಳಿಕೊಡುವುದೇ ಬೇಡ.

ಘಟ್ಟದ ಮೇಲೆ ಅಡಿಕೆಗಿಂತ ಚೆನ್ನಾಗಿ ನಡೆದದ್ದು ಯಕ್ಷಗಾನ. ಒಬ್ಬ ರೂಪಕ ತಾಳ ಹಾಕಲಿ, ಆರು ಅಕ್ಷರ. ಇನ್ನೊಬ್ಬ ಝಂಪೆ, ಹತ್ತು ಅಕ್ಷರ. ಒಟ್ಟಿಗೆ ಶುರು ಮಾಡಿದರೆ ಮತ್ತೆ ಒಟ್ಟಿಗೆ ಮೊದಲ ಪೆಟ್ಟು ಬೀಳುವುದು ಯಾವಾಗ? ಕೈ ತಟ್ಟಿ ನೋಡಿದರು. ಮೂವತ್ತಕ್ಕೆ. ರೂಪಕ ಐದು ಸುತ್ತು, ಝಂಪೆ ಮೂರು ಸುತ್ತು. ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ಅನ್ನುವ ಮೂರಕ್ಷರ ಅಲ್ಲಿಯವರೆಗೆ ಅವರಿಗೆ ಒಂದು ಮಂತ್ರವಾಗಿತ್ತು ಅಷ್ಟೆ. ಜಾಗದ ಲೆಕ್ಕವೂ ಚೆನ್ನ: 33 ಅಡಿ ಉದ್ದ, 33 ಅಡಿ ಅಗಲ ಒಂದು ಗುಂಟೆ, ಅಂದರೆ 1,089 ಚದರಡಿ. 40 ಗುಂಟೆ ಒಂದು ಎಕರೆ. ಅಂಗಳದಲ್ಲಿ ಹಗ್ಗ ಹಿಡಿದು ಒಂದು ಗುಂಟೆ ಅಳೆದರೆ ವರ್ಗ ಅನ್ನುವುದು ಕಾಲಿಗೇ ಅರ್ಥವಾಗುತ್ತದೆ.

ಒಂದು ಎಚ್ಚರ. ಎಲ್ಲ ಲೆಕ್ಕಕ್ಕೂ ಊರು ಬೇಕು ಅಂತಿಲ್ಲ. ಬೆಸ ಸಂಖ್ಯೆಗಳನ್ನು ಒಂದರಿಂದ ಸಾಲಾಗಿ ಕೂಡುತ್ತ ಹೋದರೆ 1, 4, 9, 16 ಬರುವುದಕ್ಕೆ ಯಾವ ಮೀನೂ ಬೇಡ. ಮಕ್ಕಳು ಹುಬ್ಬೇರಿಸುತ್ತಾರೆ, ಅಷ್ಟೇ ಸಾಕು.

ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ. ಇದರಿಂದ ಲೆಕ್ಕಕ್ಕೆ ತೊಂದರೆಯೇ?

ಒಂದು ಕಡೆ ತೊಡಕಿದೆ, ಚಿಕ್ಕ ತರಗತಿಯವರು ಗಮನಿಸಬೇಕು. ಕನ್ನಡದಲ್ಲಿ ಇಪ್ಪತ್ತೊಂದು, ಮೊದಲು ಇಪ್ಪತ್ತು. ಕೊಂಕಣಿಯಲ್ಲಿ ಏಕ್ವೀಸ್, ಮೊದಲು ಒಂದು. ಉರ್ದುವಿನಲ್ಲೂ ಹಾಗೇ. ಕಿವಿಗೆ ಬಿದ್ದ ಕ್ರಮದಲ್ಲಿ ಬರೆದ ಮಗು 21ಕ್ಕೆ 12 ಅಂತ ಬರೆಯಬಹುದು. ಅದನ್ನು ದಡ್ಡತನ ಅಂದುಬಿಟ್ಟರೆ ಒಂದನೇ ಇಯತ್ತೆಯಲ್ಲೇ ಕಥೆ ಮುಗಿಯಿತು. "ನಿಮ್ಮ ಮನೆಯಲ್ಲಿ ಹೇಗೆ ಹೇಳ್ತ್ರಿ?" ಅಂತ ಕೇಳಿ ಎರಡನ್ನೂ ಬೋರ್ಡ್ ಮೇಲೆ ಬರೆಯಿರಿ. ತನ್ನ ಮಾತಿಗೆ ಬೋರ್ಡಿನಲ್ಲಿ ಜಾಗ ಸಿಕ್ಕ ಮಗು ಮರುದಿನ ಮುಂದೆ ಬಂದು ಕೂರುತ್ತದೆ.

ನಾನೂ ಲೆಕ್ಕದಲ್ಲಿ ದಡ್ಡಿಯೇ. ಮಗಳಿಗೂ ಅದೇ ಬಂದಿದೆ ಅಲ್ವಾ?

ಇಲ್ಲ ತಾಯಿ. ನೀವು ಸ್ವಸಹಾಯ ಸಂಘದ ಬಡ್ಡಿ ಲೆಕ್ಕ ಇಡುವವರು. ಮಗಳ ಮುಂದೆ ಮಾತ್ರ ಈ ಮಾತು ಹೇಳಬೇಡಿ. ತನ್ನಂಥವರನ್ನು ನೋಡಿ ನಂಬಿಕೆ ಬರುತ್ತದೆ ಅಂತ ಬಂಡೂರಾ ಹೇಳಿದ್ದು ಕೆಳಮುಖವಾಗಿಯೂ ಕೆಲಸ ಮಾಡುತ್ತದೆ.

ಅಂಕ ಹಾಕಿದರೆ ಮಕ್ಕಳು ಹುರುಪಿನಿಂದ ಓದುತ್ತಾರೆ, ಹೌದಲ್ಲವೇ?

ಮೊದಲ ಐದು ಜನ ಓದುತ್ತಾರೆ. 1988ರಲ್ಲಿ ಇಸ್ರೇಲಿನ ರೂತ್ ಬಟ್ಲರ್ ಒಂದು ಸರಳ ಪ್ರಯೋಗ ಮಾಡಿದರು. ಕೆಲವು ಮಕ್ಕಳ ಉತ್ತರಕ್ಕೆ ಬರಿ ಅಂಕ. ಕೆಲವರಿಗೆ ಬರಿ ಟಿಪ್ಪಣಿ. ಕೆಲವರಿಗೆ ಎರಡೂ. ಟಿಪ್ಪಣಿ ಮಾತ್ರ ಸಿಕ್ಕವರ ಆಸಕ್ತಿಯೂ ಕೆಲಸವೂ ಸುಧಾರಿಸಿತು. ಎರಡೂ ಸಿಕ್ಕವರು? ಅಂಕ ಮಾತ್ರ ಸಿಕ್ಕವರ ಹಾಗೇ ಉಳಿದರು. ಅಂಕ ಕಂಡ ಮೇಲೆ ಕೆಂಪು ಶಾಯಿಯ ಸಾಲುಗಳನ್ನು ಯಾರು ಓದುತ್ತಾರೆ? ನಾವೂ ಓದುತ್ತಿರಲಿಲ್ಲ.

ದಾಖಲೆಗೆ ಅಂಕ ಬೇಕೇ ಬೇಕು, ನನಗೂ ಗೊತ್ತು. ಹಾಗಾಗಿ ಪಟ್ಟಿಯಲ್ಲಿ ಟಿಪ್ಪಣಿ ಮಾತ್ರ ಬರೆದು ಕೊಡುತ್ತೇನೆ. ಅಂಕ ನನ್ನ ವಹಿಯಲ್ಲಿರುತ್ತದೆ. ತಿದ್ದಿ ತಂದು ತೋರಿಸಿದವರಿಗೆ ಎರಡು ದಿನ ಬಿಟ್ಟು ಹೇಳುತ್ತೇನೆ. ಮೊದಲ ತಿಂಗಳು ಗಲಾಟೆ ಮಾಡುತ್ತಾರೆ, ಆಮೇಲೆ ರೂಢಿಯಾಗುತ್ತದೆ.

ನನ್ನ ಕಥೆಯೂ ಇದೆ. ಏಳನೇ ಇಯತ್ತೆಯಲ್ಲಿ ನನ್ನ ಒಂದು ಉತ್ತರಪತ್ರಿಕೆಯನ್ನು ಮಾಸ್ತರರೊಬ್ಬರು ಇಡೀ ತರಗತಿಗೆ ಎತ್ತಿ ತೋರಿಸಿದರು. 25ಕ್ಕೆ 3. ಆ ಮೂರು ಅಂಕ ಯಾವ ಲೆಕ್ಕಕ್ಕೆ ಬಂದಿತ್ತು ಅಂತ ನನಗೆ ನೆನಪಿಲ್ಲ. ಯಾರು ಯಾರು ನಕ್ಕರು ಅಂತ ಇವತ್ತಿಗೂ ಹೆಸರು ಹೆಸರಾಗಿ ಹೇಳಬಲ್ಲೆ.

ಎಸ್ಸೆಸ್ಸೆಲ್ಸಿ ಪಾಸಾದರೆ ಸಾಕು ಅನ್ನುವ ಹುಡುಗನಿಗೆ ಏನು ಹೇಳೋದು?

ಅವನ ಮಾತು ಕೇಳಿ. "ನಾನು ಬೋಟಿಗೆ ಹೋಗೂದು, ತ್ರಿಕೋನಮಿತಿ ಎಂತಕ್ಕೆ?" ಅಂದರೆ ಅದು ಬೆಲೆಯ ಪ್ರಶ್ನೆ. ಐ.ಟಿ.ಐ., ಕೈಗಾ, ನೌಕಾನೆಲೆಯ ಕೆಲಸ ಅಂತ ಹೇಳಬಹುದು. ಆದರೆ ಕೆಲಸ ಸಿಕ್ಕೇ ಸಿಗುತ್ತದೆ ಅಂತ ಸುಳ್ಳು ಹೇಳಬೇಡಿ, ಅವನ ಅಣ್ಣ ಮನೆಯಲ್ಲೇ ಇರುತ್ತಾನೆ. ನಾನು ಪಾಸಾಗುವುದನ್ನೇ ಹಿಡಿದುಕೊಳ್ಳುತ್ತೇನೆ. ಪಾಸಾಗುವುದು ಕೀಳು ಗುರಿಯೇನಲ್ಲ. 20 ಅಂಕ ಶಾಲೆಯ ಒಳಗೆ, 80 ಪರೀಕ್ಷೆಯಲ್ಲಿ. ನಕ್ಷೆ, ಸಂಖ್ಯಾಶಾಸ್ತ್ರ, ಇವು ಕೈಗೆ ಬೇಗ ಕೂರುತ್ತವೆ. ಅಲ್ಲಿ ಹತ್ತು ಅಂಕ ನಿಜವಾಗಿ ಗೆದ್ದ ಹುಡುಗ ಕೆಲವೊಮ್ಮೆ ತಾನಾಗಿಯೇ "ಅಕ್ಕೋರೆ, ಮುಂದಿಂದೂ ನೋಡ್ವಾ" ಅನ್ನುತ್ತಾನೆ. ಎಲ್ಲರೂ ಅನ್ನುವುದಿಲ್ಲ.

ಚುರುಕಿನ ಮಕ್ಕಳಿಗೆ ಬೇಸರ ಬರುತ್ತದೆ. ಅವರಿಗೆ?

ಜಾಸ್ತಿ ಲೆಕ್ಕ ಕೊಡಬೇಡಿ, ಬೇರೆ ಲೆಕ್ಕ ಕೊಡಿ. ಬೇಗ ಮುಗಿಸಿದವಳಿಗೆ ಅದೇ ಥರದ ಇನ್ನೂ ಹತ್ತು ಕೊಟ್ಟರೆ ನಿಧಾನ ಮಾಡುವುದನ್ನು ಕಲಿಯುತ್ತಾಳೆ. ಕೌಶಲಕ್ಕಿಂತ ಕೆಲಸ ತೀರಾ ಸುಲಭವಾದರೆ ಬೇಸರ, ತೀರಾ ಕಷ್ಟವಾದರೆ ಗಾಬರಿ, ನಡುವಿನ ಹದದಲ್ಲಿ ಹೊತ್ತು ಹೋದದ್ದೇ ತಿಳಿಯುವುದಿಲ್ಲ ಅಂತ ಮನಃಶಾಸ್ತ್ರಜ್ಞ ಚಿಕ್ಸೆಂಟ್‌ಮಿಹಾಯಿ 1970ರ ದಶಕದಲ್ಲಿ ಬರೆದರು. ಚೆಂಡೆ ಕಲಿಯುವ ಹುಡುಗನನ್ನು ನೋಡಿದರೂ ಇದು ಗೊತ್ತಾಗುತ್ತದೆ.

ಮೊಬೈಲ್ ಆಪ್‌ಗಳು?

ನಕ್ಷತ್ರ, ನಾಣ್ಯ, ದಿನದ ಸರಣಿ, ಇವೆಲ್ಲ ನನ್ನ ಚಾಕೊಲೇಟ್ ಡಬ್ಬಿಯೇ. ಮಗ್ಗಿ ತಿಕ್ಕಲು ಅಡ್ಡಿಯಿಲ್ಲ. ತಪ್ಪಿದ ಮೆಟ್ಟಿಲು ಹುಡುಕಿ ಅಲ್ಲಿಗೇ ಕರೆದೊಯ್ಯುವ ಆಪ್ ಆದರೆ ಅದರ ಮಾತೇ ಬೇರೆ.

ಶಿಕ್ಷಕರ ಉಮೇದಿಯ ಬಗ್ಗೆ ಯಾರೂ ಯಾಕೆ ಕೇಳುವುದಿಲ್ಲ?

ಈ ಪ್ರಶ್ನೆ ಪಾಲಕರಿಂದ ಬಂದದ್ದಲ್ಲ, ಸ್ಟಾಫ್ ರೂಮಿನಿಂದ ಬಂದದ್ದು. ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲಿ ಹೇಳಿದ ಮಾತು ನಮಗೆ ಚೆನ್ನಾಗಿ ಹೊಂದುತ್ತದೆ. ಸಂಬಳ, ಕೊಠಡಿ, ಮೇಲಿನವರ ನಡವಳಿಕೆ ಕೆಟ್ಟರೆ ಬೇಸರ ಬರುತ್ತದೆ. ಅವು ಸರಿಯಾದ ಮಾತ್ರಕ್ಕೆ ಉಮೇದಿ ಬರುವುದಿಲ್ಲ. ಉಮೇದಿ ಬರುವುದು ಕೆಲಸದಿಂದಲೇ. ಜನಗಣತಿ, ಚುನಾವಣೆ, ಆನ್‌ಲೈನ್ ಮಾಹಿತಿ ತುಂಬುವುದು ಇವುಗಳ ನಡುವೆ ಆ ಕೆಲಸಕ್ಕೇ ಹೊತ್ತು ಸಿಗದಿದ್ದಾಗ ಉಮೇದಿ ಎಲ್ಲಿಂದ ಬರಬೇಕು? ನನ್ನನ್ನು ಉಳಿಸಿದ್ದು ಮೀನಿನ ಲೆಕ್ಕದಂಥ ಪಿರಿಯಡ್ಡುಗಳು. ತಿಂಗಳಿಗೆ ಒಂದೆರಡು ಬರುತ್ತವೆ.

ಮಳೆಗಾಲದಲ್ಲಿ ರಜೆಯ ಮೇಲೆ ರಜೆ. ಮಕ್ಕಳು ಕಲಿತದ್ದೂ ಮರೆಯುತ್ತಾರೆ. ಏನು ಮಾಡಬಹುದು?

ಜುಲೈನಲ್ಲಿ ರಾತ್ರಿ ಹೊತ್ತು ಜಿಲ್ಲಾಧಿಕಾರಿಗಳ ರಜೆಯ ಆದೇಶಕ್ಕೆ ಕಾಯುವುದರಲ್ಲಿ ಮಕ್ಕಳಿಗಿಂತ ನಾವೇ ಮುಂದೆ, ಅದನ್ನು ಒಪ್ಪಿಕೊಂಡುಬಿಡುತ್ತೇನೆ. ಹೋಮ್‌ವರ್ಕ್ ಕೊಟ್ಟರೆ ರಜೆಯ ಕೊನೆಯ ರಾತ್ರಿ ಗೆಳೆಯನ ಪಟ್ಟಿ ನೋಡಿ ಬರೆಯುತ್ತಾರೆ. ಅದರ ಬದಲು ಅಳೆಯುವ ಕೆಲಸ ಕೊಡಿ. ಅಂಗಳದಲ್ಲಿ ನೇರ ಬದಿಯ ಒಂದು ಡಬ್ಬಿ ಇಡಲಿ, ಮಾಡಿನ ನೀರು ಬೀಳದ ಜಾಗದಲ್ಲಿ. ದಿನವೂ ಬೆಳಿಗ್ಗೆ ಎಂಟಕ್ಕೆ ಸ್ಕೇಲ್ ಇಳಿಸಿ ಎಷ್ಟು ಮಿಲಿಮೀಟರ್ ಅಂತ ಬರೆದು ಚೆಲ್ಲಲಿ. ಶಾಲೆ ಶುರುವಾದ ದಿನ ಎಲ್ಲರ ಅಂಕಿ ಬೋರ್ಡಿಗೆ ಬರುತ್ತದೆ. ಸರಾಸರಿ, ಸ್ತಂಭ ನಕ್ಷೆ, ಘನಫಲ ಎಲ್ಲ ಅದರಲ್ಲೇ ಇದೆ. ಕಳೆದ ವರ್ಷ ಒಬ್ಬನ ಅಂಕಿ ಎಲ್ಲರಿಗಿಂತ ಮೂರು ಪಟ್ಟು ಬಂತು. ಜಗಳವಾಯಿತು. ಕೊನೆಗೆ ನಾಲ್ಕು ಜನ ಕೊಡೆ ಹಿಡಿದು ಅವನ ಮನೆಗೇ ಹೋಗಿ ನೋಡಿದರು. ಡಬ್ಬಿ ಮಾಡಿನಂಚಿಗೆ ಸರಿಯಾಗಿ ಕೆಳಗೇ ಇತ್ತು.